ಅನ್ನ ಬಿಡಲಿಲ್ಲ, ತಟ್ಟೆಯಲ್ಲಿ ಅದರ ಜಾಗ ಬದಲಿಸಿದೆ

ಕಳೆದ ವರ್ಷ ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಆರೋಗ್ಯ ತಪಾಸಣೆ ಇತ್ತು. ರಿಪೋರ್ಟ್ ಬಂತು. ತೂಕ 74 ಕೆ.ಜಿ., ಎತ್ತರ 158 ಸೆಂ.ಮೀ., ಸೊಂಟದ ಸುತ್ತಳತೆ 94 ಸೆಂ.ಮೀ. ಇದೆಲ್ಲ ಹೊಸ ವಿಷಯ ಏನಲ್ಲ, ಹಳೇ ಚೂಡಿದಾರಗಳು ಆಗಲೇ ಹೇಳಿದ್ವು. ಎದೆ ಧಸಕ್ಕೆಂದದ್ದು ಇನ್ನೊಂದು ಸಾಲು ನೋಡಿ: ಎಚ್‌ಬಿಎ1ಸಿ 5.9. ಅಂದರೆ ಹಿಂದಿನ ಎರಡು-ಮೂರು ತಿಂಗಳಲ್ಲಿ ರಕ್ತದಲ್ಲಿ ಸಕ್ಕರೆ ಸರಾಸರಿ ಎಷ್ಟಿತ್ತು ಅನ್ನೋ ಲೆಕ್ಕ. 5.7ರಿಂದ 6.4ರೊಳಗೆ ಇದ್ದರೆ ಮಧುಮೇಹದ ಹೊಸ್ತಿಲ ಮೇಲೆ ನಿಂತಿದ್ದೀರಿ ಅಂತ ಅರ್ಥ.

ನನ್ನಪ್ಪನಿಗೆ ಸಕ್ಕರೆ ಕಾಯಿಲೆ ಬಂದಾಗ ಅವರಿಗೆ ನಲವತ್ತೆರಡು ವಯಸ್ಸು. ಈಗ ದಿನಕ್ಕೆ ಎರಡು ಸಲ ಇನ್ಸುಲಿನ್. ಕಾಲಿನ ಗಾಯ ಮಾಯದೇ ಒಂದು ಬೆರಳು ತೆಗೆಸಬೇಕಾಯ್ತು. ನನಗೆ ಮೂವತ್ತೊಂದು, ಮಗನಿಗೆ ನಾಲ್ಕು. ಆ ರಿಪೋರ್ಟ್ ಹಿಡಿದು ಕೂತಾಗ ಲೆಕ್ಕ ತಾನಾಗೇ ತಲೆಯಲ್ಲಿ ಓಡಿತು: ಇನ್ನು ಹನ್ನೊಂದು ವರ್ಷಕ್ಕೆ ನನ್ನ ಮಗ ಎಸ್ಸೆಸ್ಸೆಲ್ಸಿ.

ಮೊದಲು ಮಾಡಿದ ತಪ್ಪು

ಮಾರನೇ ದಿನದಿಂದಲೇ ಅನ್ನ ಬಂದ್. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಒಂದು ಬಟ್ಟಲು ಸೂಪು, ರಾತ್ರಿ ಹಣ್ಣು. ಮೂರು ವಾರದಲ್ಲಿ 3 ಕೆ.ಜಿ. ಇಳೀತು. ಆದರೆ ಸಂಜೆ ನಾಲ್ಕಕ್ಕೆ ಮೀಟಿಂಗಿನಲ್ಲಿ ತಲೆ ಧಿಮ್ ಅನ್ನೋದು, ಐದಕ್ಕೆ ಕ್ಯಾಂಟೀನಿಗೆ ಓಡಿ ಎರಡು ಬೋಂಡ, ಸಕ್ಕರೆ ಹಾಕಿದ ಕಾಫಿ. ಮನೆಗೆ ಬಂದರೆ ಮಗನ ಮೇಲೆ ರೇಗಾಟ. ಎರಡು ತಿಂಗಳಲ್ಲಿ ಹೋದ 3 ಕೆ.ಜಿ. ಜೊತೆಗೆ ಇನ್ನೊಂದನ್ನೂ ಕರ್ಕೊಂಡು ವಾಪಸ್ ಬಂತು!

ಇನ್ನೊಂದು ನಷ್ಟವೂ ಆಯ್ತು. ಬೆಳಿಗ್ಗೆ ಐದೂವರೆಗೆ ಎದ್ದು ನನಗೆ ಡಬ್ಬಿ ಕಟ್ಟೋದು ನಮ್ಮತ್ತೆ. ಒಂದು ದಿನ ಖಾಲಿ ಡಬ್ಬಿಯನ್ನ ಕೈಯಲ್ಲಿ ಹಿಡ್ಕೊಂಡು, "ನನ್ನ ಅಡುಗೆ ನಿಂಗೆ ಬೇಡವಾಯ್ತೇನಮ್ಮಾ?" ಅಂದರು. ಉತ್ತರ ಹೇಳೋಕೆ ಆಗಲಿಲ್ಲ. ಅವರು ತಿಪಟೂರು ಕಡೆಯವರು, ತೆಂಗಿನಕಾಯಿ ಇಲ್ಲದೆ ಅವರ ಕೈಯಲ್ಲಿ ಒಗ್ಗರಣೆ ಸಿಡಿಯೋದೇ ಇಲ್ಲ. ಅವರ ಅಡುಗೇನೇ ನನ್ನ ಶತ್ರು ಅಂದುಕೊಂಡಿದ್ದೆ. ತಪ್ಪು ಅಡುಗೇದಲ್ಲ, ನಾನು ಬಡಿಸಿಕೊಳ್ಳೋ ಲೆಕ್ಕದ್ದು ಅಂತ ಗೊತ್ತಾಗಿದ್ದು ಆಮೇಲೆ.

ಅಳೆದು ನೋಡಿದಾಗ ಕಂಡದ್ದು

ಸಾಫ್ಟ್‌ವೇರಿನಲ್ಲಿ ಏನಾದ್ರೂ ನಿಧಾನ ಆದ್ರೆ ಮೊದಲು ಅಳೀತೀವಿ, ಆಮೇಲೆ ಕೈ ಹಾಕ್ತೀವಿ. ಊಟಕ್ಕೂ ಅದನ್ನೇ ಮಾಡಿದೆ. ಒಂದು ಭಾನುವಾರ ಎಂದಿನಂತೆ ತಟ್ಟೆಗೆ ಅನ್ನ ಬಡಿಸ್ಕೊಂಡು ಅಡುಗೆಮನೆಯ ಚಿಕ್ಕ ತಕ್ಕಡಿ ಮೇಲೆ ಇಟ್ಟೆ. 340 ಗ್ರಾಂ! ಬೆಂದ ಬಿಳಿ ಅನ್ನ 100 ಗ್ರಾಮಿಗೆ ಸುಮಾರು 130 ಕ್ಯಾಲರಿ. ಅಂದ್ರೆ ಬರೀ ಅನ್ನದಿಂದಲೇ 440. ಪಲ್ಯ ಎರಡು ಚಮಚ. ಸಾರಿನಲ್ಲಿ ಬೇಳೆ ತಳದಲ್ಲಿ ಉಳಿದಿತ್ತು, ನಾನು ಮೇಲಿನ ತಿಳಿ ಹಾಕ್ಕೊಂಡಿದ್ದೆ.

ಆಮೇಲೆ ಎಣ್ಣೆ ಲೆಕ್ಕ. ಮೂವರು ದೊಡ್ಡವರು, ಒಂದು ಮಗು, ತಿಂಗಳಿಗೆ 4 ಲೀಟರ್. ಮಗೂನ ಅರ್ಧ ಆಳು ಅಂತ ಹಿಡಿದರೂ ದಿನಕ್ಕೆ ತಲೆಗೆ 38 ಮಿ.ಲೀ. ಹತ್ತಿರ, ಅಂದರೆ 300 ಕ್ಯಾಲರಿಗೂ ಹೆಚ್ಚು. ಹಸಿ ಕಾಯಿತುರಿ 100 ಗ್ರಾಮಿಗೆ 350ರಿಂದ 400 ಕ್ಯಾಲರಿ. ಕಾಯಿ ಕೆಟ್ಟದ್ದಲ್ಲ, ಆದರೆ ಹಿಡಿ ಹಿಡಿ ಹಾಕಿದರೆ ಅದೂ ಲೆಕ್ಕಕ್ಕೆ ಬರುತ್ತೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಆಹಾರದ ಮಾರ್ಗಸೂಚಿ ಹೊರತಂದಿದೆ. ಅದರ ಪ್ರಕಾರ ದಿನದ ಊಟದಲ್ಲಿ ಅರ್ಧದಷ್ಟು ತರಕಾರಿ, ಸೊಪ್ಪು, ಹಣ್ಣು ಇರಬೇಕು. ಉಳಿದರ್ಧದಲ್ಲಿ ಧಾನ್ಯ, ಬೇಳೆಕಾಳು, ಹಾಲು-ಮೊಸರು. ನನ್ನ ತಟ್ಟೆ ಪೂರ್ತಿ ತಲೆಕೆಳಗಾಗಿತ್ತು.

ಇಲ್ಲೊಂದು ಮಾತು ಹೇಳಲೇಬೇಕು. ಅನ್ನ ಬಿಟ್ಟು ಚಪಾತಿ ತಿಂದ್ರೆ ಸಣ್ಣ ಆಗ್ತೀವಿ, ರಾಗಿ ತಿಂದ್ರೆ ಬೊಜ್ಜು ಕರಗುತ್ತೆ ಅಂತ ಎಲ್ಲರೂ ಹೇಳ್ತಾರೆ. ಅಕ್ಕಿ, ಗೋಧಿಹಿಟ್ಟು, ರಾಗಿಹಿಟ್ಟು ಮೂರೂ 100 ಗ್ರಾಮಿಗೆ ಸುಮಾರು 320ರಿಂದ 350 ಕ್ಯಾಲರಿ. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶ 100 ಗ್ರಾಮಿಗೆ 350 ಮಿಲಿಗ್ರಾಂ ಹತ್ತಿರ, ಹೊಟ್ಟೆ ತುಂಬಿದ ಹಾಗೆ ಇರುತ್ತೆ. ಒಳ್ಳೇದೇ. ಆದರೆ ತೆಂಗಿನಕಾಯಿ ಗಾತ್ರದ ಮುದ್ದೆ ನುಂಗಿ ತೂಕ ಇಳಿಯಲಿ ಅಂದ್ರೆ ಆಗಲ್ಲ.

ನಿಧಾನ ಯಾಕೆ?

ದೇಹದಲ್ಲಿ 1 ಕೆ.ಜಿ. ಕೊಬ್ಬು ಅಂದರೆ ಸುಮಾರು 7,700 ಕ್ಯಾಲರಿ ಅಂತ ಒಂದು ಅಂದಾಜು ಲೆಕ್ಕ ಇದೆ. ದಿನಕ್ಕೆ 250 ಕ್ಯಾಲರಿ ಕಡಿಮೆ ಮಾಡಿದರೆ ತಿಂಗಳಿಗೆ ಹೆಚ್ಚುಕಮ್ಮಿ 1 ಕೆ.ಜಿ. ವಾರಕ್ಕೆ ಅರ್ಧ ಕೆ.ಜಿ.ವರೆಗೆ ಇಳಿಸೋದು ಸುರಕ್ಷಿತ ಅಂತಾರೆ, ನಾನು ಅದಕ್ಕಿಂತಲೂ ನಿಧಾನದ ದಾರಿ ಹಿಡಿದೆ. 250 ಕ್ಯಾಲರಿಯನ್ನ ಮಧ್ಯಾಹ್ನದ ಒಂದೇ ಊಟದಿಂದ ತೆಗೀಬಹುದು, ಹಸಿವಾಗದ ಹಾಗೆ. ಮೊದಲ ಎರಡು ವಾರ ಅನ್ನ 280 ಗ್ರಾಂ. ಆಮೇಲೆ 220. ಆಮೇಲೆ 150, ಅಂದರೆ ಒಂದು ಸಣ್ಣ ಬಟ್ಟಲು. ಅಲ್ಲಿಗೇ ನಿಲ್ಲಿಸಿದೆ. ಖಾಲಿಯಾದ ಜಾಗಕ್ಕೆ ಪಲ್ಯ, ಕಾಳು, ಕೋಸಂಬರಿ ಬಂದವು.

ಸಸ್ಯಾಹಾರಿಗಳಿಗೆ ಕಾಳು ಮುಖ್ಯ. ದಿನಕ್ಕೆ ದೇಹದ ತೂಕದ ಪ್ರತಿ ಕೆ.ಜಿ.ಗೆ ಕನಿಷ್ಠ 0.83 ಗ್ರಾಂ ಪ್ರೋಟೀನ್ ಬೇಕು. ಅದು ಸಾಲದಿದ್ದರೆ ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಹೆಚ್ಚಾಗಿ ಕರಗುತ್ತೆ. ಮಧ್ಯಾಹ್ನಕ್ಕೆ 30 ಗ್ರಾಂ ಹೆಸರುಬೇಳೆಯಿಂದ 7 ಗ್ರಾಂ, 30 ಗ್ರಾಂ ಕಡಲೆಕಾಳಿನಿಂದ 6 ಗ್ರಾಂ, ಒಂದು ಬಟ್ಟಲು ಮೊಸರಿನಿಂದ 4-5 ಗ್ರಾಂ ಸಿಕ್ಕರೆ ಸಾಕಷ್ಟಾಯ್ತು. (ಬೇಳೆಕಾಳಿನ ತೂಕ ನೆನೆಸುವ ಮೊದಲಿನದು.)

ಅತ್ತೆ ತೋರಿಸಿದ ದಾರಿ

ಇಷ್ಟೆಲ್ಲ ಲೆಕ್ಕ ಬರ್ಕೊಂಡು ಅತ್ತೆ ಮುಂದೆ ಕೂತೆ. "ಅತ್ತೆ, ಅಡುಗೆ ನೀವು ಮಾಡಿದ್ದೇ ಬೇಕು. ಸೊಪ್ಪು, ಕಾಳು ಜಾಸ್ತಿ, ಅನ್ನ ಸ್ವಲ್ಪ ಕಮ್ಮಿ, ಅಷ್ಟೇ" ಅಂದೆ. ಅವರು ನಕ್ಕುಬಿಟ್ಟರು. "ಅದಕ್ಕೆ ಇಷ್ಟೊಂದು ಬರೀಬೇಕಾ? ಬಸ್ಸಾರು ಮಾಡಿದ್ರೆ ಆಯ್ತಪ್ಪ. ಹಬ್ಬದಲ್ಲಿ ಎಲೆಗೆ ಕೋಸಂಬರಿ, ಪಲ್ಯ ಮೊದಲು ಬಡಿಸಲ್ವಾ? ಅದನ್ನ ಮೊದಲು ತಿನ್ನು, ಅನ್ನ ತಾನಾಗೇ ಕಮ್ಮಿ ಸೇರುತ್ತೆ."

ಅಷ್ಟೇ ನೋಡಿ! ಎಂಜಿನಿಯರಿಂಗ್ ಓದಿದ ನಾನು ವಾರಗಟ್ಟಲೆ ಹುಡುಕಿದ್ದು ಬಾಳೆಎಲೆಯ ಮೇಲೇ ಇತ್ತು. ನಮ್ಮನೆಯ ಐದು ದಿನದ ಡಬ್ಬಿ ಈಗ ಹೀಗಿದೆ.

ಸೋಮವಾರ: ಬಸ್ಸಾರು, ಪಲ್ಯ, ಪುಟ್ಟ ಮುದ್ದೆ. ದಂಟಿನ ಸೊಪ್ಪು ಅಥವಾ ಮಿಶ್ರ ಸೊಪ್ಪಿನ ಜೊತೆ ಹೆಸರುಕಾಳು ಬೇಯಿಸಿ, ನೀರು ಬಸಿದು ಸಾರು, ಉಳಿದ ಸೊಪ್ಪು-ಕಾಳಿಗೆ ಒಂದೇ ಚಮಚ ಎಣ್ಣೆಯ ಒಗ್ಗರಣೆ. ಒಂದು ಸಲ ಬೇಯಿಸಿದರೆ ಎರಡು ಪದಾರ್ಥ. ಮುದ್ದೆ ಡಬ್ಬಿಯಲ್ಲಿ ಗಟ್ಟಿಯಾಗುತ್ತೆ, ಹಾಗಾಗಿ ನಾನು ಮನೆಯಿಂದ ಕೆಲಸ ಮಾಡೋ ದಿನ ಇದನ್ನ ಇಟ್ಕೊಂಡಿದ್ದೀನಿ. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಮುದ್ದೆ ಸಾಕು.

ಮಂಗಳವಾರ: ಎರಡು ಜೋಳದ ರೊಟ್ಟಿ, ಮಡಕೆಕಾಳು ಪಲ್ಯ, ಹಸಿ ತರಕಾರಿ. ವಿಜಯಪುರ ಕಡೆಯ ನನ್ನ ಸಹೋದ್ಯೋಗಿಯಿಂದ ಕಲಿತದ್ದು. ರೊಟ್ಟಿಗೆ ಎಣ್ಣೆ ಬೇಡ. ಜೊತೆಗೆ ಸೌತೆಕಾಯಿ, ಮೂಲಂಗಿ, ಎಳೆ ಮೆಂತ್ಯಸೊಪ್ಪು ಹಸಿಯಾಗೇ ಕಚ್ಕೊಂಡು ತಿನ್ನೋದು. ಗುರೆಳ್ಳು ಚಟ್ನಿಪುಡಿ ಒಂದು ಸಣ್ಣ ಚಮಚ, ಮೊಸರಲ್ಲಿ ಕಲಸಿ.

ಬುಧವಾರ: ಬೇಳೆ ಹೆಚ್ಚಿನ ಬಿಸಿಬೇಳೆಬಾತ್. ಹೆಸರಿಗೆ ಬೇಳೆ, ತಿನ್ನೋದು ಅಕ್ಕಿ! ಒಂದು ಲೋಟ ಅಕ್ಕಿಗೆ ಅರ್ಧ ಲೋಟ ಬೇಳೆ ಹಾಕ್ತಿದ್ವಿ. ಈಗ ಅಕ್ಕಿ, ತೊಗರಿಬೇಳೆ ಸಮಸಮ, ತರಕಾರಿ ಎರಡರಷ್ಟು. ಅಕ್ಕಿ ಬದಲು ನವಣೆ ಹಾಕಿದರೂ ಚೆನ್ನಾಗಿರುತ್ತೆ. ತುಪ್ಪ ಒಂದು ಟೀ ಚಮಚ, ಸುಮಾರು 45 ಕ್ಯಾಲರಿ. ಅದನ್ನ ಬಿಡಬೇಡಿ, ಬಾಯಿಗೆ ಬೇಕು. ಬೂಂದಿ ಬದಲು ಸೌತೆಕಾಯಿ ಮೊಸರುಬಜ್ಜಿ.

ಗುರುವಾರ: ಹುರುಳಿಕಾಳು ಸಾರು, ಸಣ್ಣ ಬಟ್ಟಲು ಅನ್ನ, ಹುರುಳಿಕಾಯಿ ಪಲ್ಯ, ಮಜ್ಜಿಗೆ. ಸಾರು ಬಡಿಸ್ಕೊಳ್ಳುವಾಗ ಸೌಟು ತಳಕ್ಕೆ ಹಾಕಿ, ಕಾಳು ಬರಲಿ. ಪಲ್ಯಕ್ಕೆ ಕಾಯಿತುರಿ ಕೊನೆಯಲ್ಲಿ ಮೇಲೆ ಉದುರಿಸಿದರೆ ಒಂದೇ ಚಮಚಕ್ಕೆ ಘಮ ಬರುತ್ತೆ. ಈ ಉಪಾಯವೂ ಅತ್ತೆಯದ್ದೇ.

ಶುಕ್ರವಾರ: ಹೊರಗಿನ ಊಟ. ಟೀಮಿನವರ ಜೊತೆ ಹೋಟೆಲಿಗೆ ಹೋಗೋ ದಿನ, ತಪ್ಪಿಸಲ್ಲ. ಮಿನಿ ಮೀಲ್ಸ್ ತಗೊಂಡು ಪಲ್ಯ ಇನ್ನೊಂದು ಸಲ ಹಾಕಿಸ್ಕೋತೀನಿ, ಪೂರಿ ಬದಲು ಚಪಾತಿ ಕೇಳ್ತೀನಿ. ಹಪ್ಪಳ, ಸಿಹಿ ಎರಡರಲ್ಲಿ ಒಂದು ಮಾತ್ರ.

ಎಲ್ಲಾ ದಿನಕ್ಕೂ ಒಂದು ಪುಟ್ಟ ಡಬ್ಬಿ ಕೋಸಂಬರಿ ಇರುತ್ತೆ: ನೆನೆಸಿದ ಹೆಸರುಬೇಳೆ, ಸೌತೆ ಅಥವಾ ಕ್ಯಾರೆಟ್, ಕೊತ್ತಂಬರಿ ಸೊಪ್ಪು. ಉಪ್ಪು, ನಿಂಬೆರಸ ಮಾತ್ರ ತಿನ್ನೋ ಹೊತ್ತಿಗೆ ಹಾಕಿ. ಬೆಳಿಗ್ಗೆಯೇ ಹಾಕಿದರೆ ನೀರು ಬಿಟ್ಟು ಡಬ್ಬಿ ಸೋರುತ್ತೆ, ನನ್ನ ಲ್ಯಾಪ್‌ಟಾಪ್ ಬ್ಯಾಗಿನ ಅನುಭವ ಇದು! ಸಂಜೆ ಐದರ ಹಸಿವಿಗೆ ಒಂದು ಹಿಡಿ ಹುರಿಗಡಲೆ ಅಥವಾ ಒಂದು ಸೀಬೆಹಣ್ಣು. ಮಧ್ಯಾಹ್ನ ಕಾಳು ಸರಿಯಾಗಿ ತಿಂದ ದಿನ ಬೋಂಡ ನೆನಪೇ ಆಗಲ್ಲ.

ಏಳು ತಿಂಗಳಾದ ಮೇಲೆ

ಬೋಂಡದ ದಿನಗಳಲ್ಲಿ 75ಕ್ಕೆ ಏರಿದ್ದ ತೂಕ ಈಗ 68.5. ಮೂರನೇ ತಿಂಗಳಲ್ಲಿ ಐದು ವಾರ ಮುಳ್ಳು ಅಲ್ಲಾಡಲೇ ಇಲ್ಲ. ಅಳು ಬಂದಿತ್ತು, ನಿಜ. ಆದರೆ ಅದೇ ಹೊತ್ತಿಗೆ ಸೊಂಟ 2 ಸೆಂ.ಮೀ. ಕಡಿಮೆಯಾಗಿತ್ತು, ಅದಕ್ಕೇ ಟೇಪೂ ಇಟ್ಕೊಳ್ಳಿ. ಈಗ ಸೊಂಟ 88. ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು ಅಂತಾರೆ, ಇನ್ನೂ ದಾರಿ ಇದೆ. ಊಟದ ಜೊತೆ ಸಂಜೆ ಮಗನನ್ನ ಕರ್ಕೊಂಡು ಅರ್ಧ ಗಂಟೆ ನಡಿಗೆಯೂ ಸೇರಿದೆ. ಮನೆಗೆ ಎಣ್ಣೆ ಈಗ ತಿಂಗಳಿಗೆ ಎರಡೂವರೆ ಲೀಟರ್. ಕಳೆದ ವಾರದ ಎಚ್‌ಬಿಎ1ಸಿ 5.6. ಡಾಕ್ಟರ್ "ಹೀಗೇ ಮುಂದುವರಿಸಿ" ಅಂದರು.

ನನ್ನ ಅಳತೆಯೇ ನಿಮಗೂ ಸರಿ ಅಂತಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಅನ್ನ ಏಕಾಏಕಿ ಕಡಿಮೆ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳೀಬಹುದು. ಗರ್ಭಿಣಿಯರು, ಎದೆಹಾಲು ಕೊಡೋ ತಾಯಂದಿರು, ಕಿಡ್ನಿ ತೊಂದರೆ ಇರೋರು ಡಾಕ್ಟರನ್ನ ಕೇಳಿಯೇ ಶುರುಮಾಡಿ. ಸಸ್ಯಾಹಾರಿಗಳು ಬಿ12 ಒಮ್ಮೆ ಪರೀಕ್ಷೆ ಮಾಡಿಸ್ಕೊಳ್ಳೋದು ಒಳ್ಳೇದು.

ಮೊನ್ನೆ ಅಪ್ಪ ಊರಿಂದ ಬಂದಿದ್ದರು. ಅತ್ತೆ ಅವರ ಎಲೆಗೂ ಮೊದಲು ಕೋಸಂಬರಿ, ಆಮೇಲೆ ಪಲ್ಯ, ಕೊನೆಗೆ ಒಂದೇ ಸೌಟು ಅನ್ನ ಬಡಿಸಿದರು. ಅಪ್ಪ ನನ್ನ ಮುಖ ನೋಡಿ, "ನಂಗೆ ಇದನ್ನ ಆಗಲೇ ಯಾರಾದ್ರೂ ಹೇಳಿದ್ರೆ ಚೆನ್ನಾಗಿತ್ತಲ್ಲ ಪುಟ್ಟೀ" ಅಂದರು. ಪಕ್ಕದಲ್ಲಿ ಕೂತಿದ್ದ ನನ್ನ ಮಗ ಎರಡನೇ ಸಲ ಕೋಸಂಬರಿ ಹಾಕಿಸ್ಕೊಳ್ತಿದ್ದ.

ನಾಳೆ ಮಧ್ಯಾಹ್ನ ನೀವೂ ಒಂದು ಸಲ ನಿಮ್ಮ ತಟ್ಟೆಯ ಅನ್ನ ತೂಗಿ ನೋಡಿ. ಶುರುಮಾಡೋಕೆ ಅಷ್ಟು ಸಾಕು.