ಹಾಲಲ್ಲ, ಕರು

ಮಾಂಸದ ತಳಿಯ ಹಸು ಕರುವಿಗೆ ಹಾಲೂಡುತ್ತ ತಿಂಗಳುಗಟ್ಟಲೆ ಬೆದೆಗೆ ಬಾರದಿದ್ದರೆ ‘ಸತ್ವವೆಲ್ಲ ಹಾಲಾಗಿ ಹೋಗುತ್ತಿದೆ, ಹಿಂಡಿ ಹೆಚ್ಚಿಸಿ’ ಎನ್ನುವವರಿಗೆ ಬರವಿಲ್ಲ. ಲೆಕ್ಕವೇನೋ ಸೊಗಸಾಗಿದೆ, ಹಸು ಮಾತ್ರ ಒಪ್ಪುವುದಿಲ್ಲ. ದಿನಕ್ಕೆ 30 ಲೀಟರ್ ಕರೆಯುವ ಹೋಲ್‌ಸ್ಟೀನ್ ಹಸುವಿನಿಂದ ಕರುವನ್ನು ಹುಟ್ಟಿದೊಡನೆ ಬೇರ್ಪಡಿಸಿದರೆ ಅದು ಸಾಮಾನ್ಯವಾಗಿ ಮೂರ್ನಾಲ್ಕು ವಾರಗಳಲ್ಲೇ ಮತ್ತೆ ಅಂಡ ಬಿಡುತ್ತದೆ. ಅದರ ಮೂರನೇ ಒಂದರಷ್ಟು ಹಾಲಿರುವ ಹೆರೆಫರ್ಡ್ ಹಸು, ಕರು ಬಗಲಲ್ಲಿದ್ದರೆ, ಎರಡು ತಿಂಗಳಾದರೂ ಸುಮ್ಮನಿರಬಹುದು. ಮೇವಿನ ವ್ಯತ್ಯಾಸವಿದು ಎನ್ನುವಿರಾ? ಕೆಚ್ಚಲನ್ನೇ ಶಸ್ತ್ರಚಿಕಿತ್ಸೆಯಿಂದ ತೆಗೆದ ಹಸುಗಳನ್ನೂ ಸಂಶೋಧಕರು ಪರೀಕ್ಷಿಸಿದ್ದಾರೆ. ತೊಟ್ಟು ಹಾಲಿಲ್ಲ, ಆದರೂ ಸ್ವಂತ ಕರು ಜೊತೆಗಿದ್ದಾಗ ಬೆದೆ ತಡವಾಯಿತು. ಟೆಕ್ಸಾಸ್‌ನ ಬೀವಿಲ್‌ನಲ್ಲಿ ಗ್ಯಾರಿ ವಿಲಿಯಮ್ಸ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು: ಪರರ ಕರು ಮೊಲೆ ಚೀಪಿದರೆ ತಡೆ ಬೀಳಲಿಲ್ಲ, ತಾಯಿಯ ನೋಟ, ವಾಸನೆ ಎರಡನ್ನೂ ಇಲ್ಲವಾಗಿಸಿದಾಗ ಸ್ವಂತ ಕರುವಿನ ತಡೆಯೂ ಕಳಚಿತು. ಎರಡರಲ್ಲಿ ಒಂದು ಉಳಿದಿದ್ದರೂ ಸಾಕು, ತಡೆ ಹಾಗೇ ಉಳಿಯಿತು. ಅಂದರೆ ಬಾಗಿಲು ಹಾಕುವುದು ಕೆಚ್ಚಲಲ್ಲ, ‘ಇದು ನನ್ನ ಕರು’ ಎಂದು ಗುರುತಿಸುವ ಮೆದುಳು. ಅದು ಹೈಪೊಥಲಾಮಸ್‌ನ ಜಿಎನ್‌ಆರ್‌ಎಚ್ ಹಾರ್ಮೋನಿನ ಮಿಡಿತವನ್ನು ಹತ್ತಿಕ್ಕುತ್ತದೆ. ಅದರಿಂದಾಗಿ ಅಂಡ ಬಿಡಿಸುವ ಎಲ್‌ಎಚ್ ಹಾರ್ಮೋನಿನ ಮಿಡಿತ ಸಾಲದೆ ಅಂಡಕೋಶದ ಗುಳ್ಳೆ ಬೆಳೆದರೂ ಒಡೆಯುವುದಿಲ್ಲ.

ಬಡಕಲು ಹಸು ಇನ್ನೂ ತಡವಾಗುತ್ತದೆ ಎಂಬುದು ನಿಜವೇ. ಆದರೆ ಅದು ಎರಡನೆಯ ಬೀಗ, ಮತ್ತು ಅದರ ಕೀಲಿಕೈ ಬಹುಪಾಲು ಈಯುವ ಮುಂಚಿನ ಮೈಕಟ್ಟಿನಲ್ಲಿದೆ. ಇತ್ತ ಹಿಂಡಿಗೆ ಕೀರ್ತಿ ಸಿಗುವ ಬಗೆಯೂ ಹಳೆಯದೇ: ಹೇಗೂ ಬೆದೆಗೆ ಬರಲಿದ್ದ ಹಸು ಬಂದ ವಾರ, ಹಿಂದಿನ ವಾರ ತಿನ್ನಿಸಿದ್ದೆಲ್ಲ ಔಷಧವಾಗುತ್ತದೆ. ಹಾಲಿನ ಹಾರ್ಮೋನ್ ಪ್ರೊಲ್ಯಾಕ್ಟಿನ್ ಕಾರಣವೆಂಬುದು ಹೆಂಗಸರ ಪಾಠವನ್ನು ಹಸುವಿಗೆ ಓದಿಸಿದ್ದು. ಬೆದೆ ಕಾಣಲಿಲ್ಲವೆಂದರೆ ಅಂಡ ಬಿಟ್ಟಿಲ್ಲವೆಂಬುದೂ ಸುಳ್ಳು. ಮೊದಲ ಸಲದ್ದು ಹೆಚ್ಚಾಗಿ ಮೂಕ ಬೆದೆ.

ಇನ್ನು ಸೂಜಿಯ ಭಕ್ತರು. ಬೆದೆಗೆಂದು ಚುಚ್ಚುವ ಪ್ರೊಸ್ಟಾಗ್ಲಾಂಡಿನ್ ಇಲ್ಲಿ ಮಾಡುವುದು ಒಂದೇ ಕೆಲಸ, ಅಂಡ ಬಿಟ್ಟ ಜಾಗದಲ್ಲಿ ಬೆಳೆದ ಹಳದಿ ಗಂಟನ್ನು ಕರಗಿಸುವುದು. ಅಂಡವನ್ನೇ ಬಿಡದ ಹಸುವಿನಲ್ಲಿ ಕರಗಲು ಏನಿದೆ? ಅಂಥ ಹಸುವಿಗೆ 7 ದಿನ ಯೋನಿಯಲ್ಲಿ ಪ್ರೊಜೆಸ್ಟರಾನ್ ಸಾಧನವಿಟ್ಟು, ತೆಗೆಯುವಾಗ ಕರುವನ್ನು 48 ಗಂಟೆ ದೂರವಿಡುವ ಕ್ರಮ ಒಂದಿದೆ. ಆಮೇಲೆ ತಾಯಿ ಕರುವನ್ನು ಮರೆಯುವುದೂ ಇಲ್ಲ. ಇಷ್ಟೆಲ್ಲ ಆತುರವೇಕೆಂದರೆ, ಗಬ್ಬದ ಅವಧಿ ಸುಮಾರು 283 ದಿನ. ವರ್ಷಕ್ಕೊಂದು ಕರು ಬೇಕಾದವರ ಕೈಯಲ್ಲಿ ಹಸುವನ್ನು ಮತ್ತೆ ಗಬ್ಬ ಕಟ್ಟಿಸಲು ಉಳಿಯುವುದು 82 ದಿನ.