ಟ್ರೇ ಮೇಲೆ ಟ್ರೇ, ಮೇಲೊಂದು ತಾಡಪತ್ರಿ

ಡಿಸೆಂಬರ್ ಬಂತೆಂದರೆ ಬೆಳಗಾವಿ ಸುತ್ತಲಿನ ಸಸಿ ನರ್ಸರಿಗಳ ಒಂದು ಮೂಲೆಯಲ್ಲಿ ಹಸಿರೇ ಕಾಣುವುದಿಲ್ಲ. ಕಪ್ಪು ಪ್ಲಾಸ್ಟಿಕ್ ಟ್ರೇಗಳನ್ನು ಎಂಟು-ಹತ್ತರಂತೆ ಒಂದರ ಮೇಲೊಂದು ಪೇರಿಸಿ, ಸುತ್ತಲೂ ಪ್ಲಾಸ್ಟಿಕ್ ಹಾಳೆಯನ್ನೋ ತಾಡಪತ್ರಿಯನ್ನೋ ಬಿಗಿದಿರುತ್ತಾರೆ. ಒಳಗಿರುವುದು ಮೆಣಸಿನಕಾಯಿ, ಡಬ್ಬು ಮೆಣಸಿನಕಾಯಿ, ಟೊಮೆಟೊ, ಕೋಬಿ ಬೀಜ. ಬಿಸಿಲಿಲ್ಲದೆ ಬದುಕದ ಗಿಡಗಳನ್ನು ಹೀಗೆ ಕತ್ತಲಲ್ಲಿ ಕೂಡಿಹಾಕುವುದೇಕೆ?

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್-ಜನವರಿಯ ನಸುಕಿನಲ್ಲಿ ಉಷ್ಣಾಂಶ 14 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಜನರಿಗೆ ಅದು ಸ್ವೆಟರ್ ಹಾಕುವಷ್ಟು ಥಂಡಿ. ಮೆಣಸಿನ ಬೀಜಕ್ಕೆ ಮಾತ್ರ ಕೆಲಸವನ್ನೇ ನಿಲ್ಲಿಸುವಷ್ಟು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿಂಗ್ಟನ್ ಸಿದ್ಧಪಡಿಸಿದ ಕೋಷ್ಟಕವನ್ನು ತೋಟಗಾರರು ಇಂದಿಗೂ ನೋಡುತ್ತಾರೆ. ಅದರ ಪ್ರಕಾರ ಮೆಣಸಿನ ಜಾತಿಯ ಬೀಜ 25 ಡಿಗ್ರಿಯಲ್ಲಿ ಎಂಟು ದಿನಕ್ಕೆ ಮೊಳೆತರೆ, 15 ಡಿಗ್ರಿಯಲ್ಲಿ ಇಪ್ಪತ್ತೈದು ದಿನ ತೆಗೆದುಕೊಳ್ಳುತ್ತದೆ. 10 ಡಿಗ್ರಿಯಲ್ಲಿ ಮೊಳೆಯುವುದೇ ಇಲ್ಲ. ಕೋಬಿ ಗಟ್ಟಿಗ: 15 ಡಿಗ್ರಿಯಲ್ಲೂ ಒಂಬತ್ತು ದಿನದೊಳಗೆ ಮೇಲೆ ಬರುತ್ತದೆ.

ಬೀಜ ನೀರು ಹೀರಿ ಉಬ್ಬುವುದಕ್ಕೆ ಜೀವವೂ ಬೇಕಿಲ್ಲ, ಸತ್ತ ಬೀಜವೂ ಉಬ್ಬುತ್ತದೆ. ನಿಜವಾದ ಕೆಲಸ ಶುರುವಾಗುವುದು ಆಮೇಲೆ. ಮೆಣಸು, ಟೊಮೆಟೊ ಬೀಜಗಳಲ್ಲಿ ಎಳೆಬೇರಿನ ತುದಿಯನ್ನು ಎಂಡೋಸ್ಪರ್ಮ್ ಎಂಬ ಗಟ್ಟಿ ಪದರ ತಡೆದು ನಿಂತಿರುತ್ತದೆ. ಕಿಣ್ವಗಳು ಅದನ್ನು ಮೆತ್ತಗೆ ಮಾಡದೆ ಬೇರಿಗೆ ದಾರಿಯಿಲ್ಲ, ಕಿಣ್ವಗಳೋ ಥಂಡಿಯಲ್ಲಿ ಬಲು ಸೋಮಾರಿಗಳು. ಕೋಬಿ ಬೀಜದಲ್ಲಿ ಆ ಪದರ ತೀರಾ ತೆಳು. ಈ ಹಂತದಲ್ಲಿ ಆಹಾರ ಬೀಜದೊಳಗೇ ಇರುವುದರಿಂದ ಬೆಳಕಿನ ಹಂಗಿಲ್ಲ. ಬೇಕಾದದ್ದು ತೇವ, ಗಾಳಿ, ಕಾವು.

ತಾಡಪತ್ರಿಯ ಕೆಳಗಿನ ರಾಶಿ ಹೊಸದಾಗಿ ಕಾವು ಹುಟ್ಟಿಸುತ್ತದೆ ಎಂದುಕೊಂಡರೆ ತಪ್ಪು. ಮೊಳೆಯುವ ಬೀಜದ ಉಸಿರಾಟದಿಂದ ಬರುವ ಶಾಖ ಅತ್ಯಲ್ಪ. ರಾಶಿ ಮಾಡುವುದು ಹಗಲಿನ ಬಿಸಿಯನ್ನು ರಾತ್ರಿಗೆ ಹಿಡಿದಿಡುವ ಕೆಲಸ, ಅದಕ್ಕಿಂತ ಮುಖ್ಯವಾಗಿ ನೀರು ಆವಿಯಾಗುವುದನ್ನು ತಡೆಯುವ ಕೆಲಸ. ಆವಿಯಾಗುವ ನೀರು ತನ್ನೊಂದಿಗೆ ಶಾಖವನ್ನೂ ಒಯ್ಯುತ್ತದೆ. ಕುಂಬಾರಿಕೆಗೆ ಹೆಸರಾದ ಖಾನಾಪುರದ ಮಣ್ಣಿನ ಗಡಿಗೆ ಏಪ್ರಿಲ್‌ನಲ್ಲಿ ನೀರು ತಂಪು ಮಾಡುವುದು ಇದೇ ನಿಯಮದಿಂದ. ಹಾಗಾಗಿ ಚಳಿಗಾಲದಲ್ಲಿ ಮೆಣಸಿನ ಬೀಜ ಹಾಕಲು ಮಣ್ಣಿನ ಕುಂಡ ಒಳ್ಳೆಯ ಆಯ್ಕೆಯಲ್ಲ. ಅದರ ಮೈಯೆಲ್ಲ ಬೆವರಿ, ಒಳಗಿನ ಮಣ್ಣು ಇನ್ನಷ್ಟು ತಣ್ಣಗಾಗುತ್ತದೆ.

ಕಷ್ಟದ ಪ್ರಶ್ನೆ ತೆರೆಯುವುದು ಯಾವಾಗ ಎಂಬುದು. ಕತ್ತಲಲ್ಲಿ ಮೊಳಕೆ ತನ್ನ ತುದಿಯನ್ನು ಕೊಕ್ಕೆಯಾಗಿ ಬಗ್ಗಿಸಿಕೊಂಡು ಮಣ್ಣನ್ನು ತಳ್ಳುತ್ತದೆ, ಎಳೆ ತುದಿಗೆ ಗಾಯವಾಗದಿರಲೆಂದು. ಬೆಳಕು ಬಿದ್ದೊಡನೆ ಫೈಟೋಕ್ರೋಮ್‌ನಂಥ ವರ್ಣಕಗಳು ಅದನ್ನು ಗ್ರಹಿಸಿ ಕೊಕ್ಕೆ ಬಿಚ್ಚುತ್ತವೆ, ಕಾಂಡದ ಓಟ ನಿಲ್ಲುತ್ತದೆ, ಎಲೆ ಹಸಿರಾಗುತ್ತದೆ. ಬೆಳಕು ಸಿಗದಿದ್ದರೆ ಸಸಿ ಬೆಳಕು ಹುಡುಕುತ್ತ ಬಿಳಿಚಿಕೊಂಡು ಉದ್ದಕ್ಕೆ ಹೋಗುತ್ತದೆ. ಆ ಕಾಂಡ ಆಮೇಲೆ ಎಂದೂ ಗಿಡ್ಡಗಾಗುವುದಿಲ್ಲ. ಅದಕ್ಕೇ ಮೊದಲ ಮೊಳಕೆಗಳು ತಲೆ ತೋರಿದ ದಿನವೇ ಟ್ರೇ ಇಳಿಸಿ ಹರಡಬೇಕು. ಕೋಬಿಯನ್ನೂ ಮೆಣಸನ್ನೂ ಒಂದೇ ರಾಶಿಯಲ್ಲಿ ಪೇರಿಸಿದವರಿಗೆ ಕೋಬಿ ಕೈಕೊಡುವುದು ಖಂಡಿತ. ಲೆಟ್ಯೂಸ್‌ನಂತೆ ಮೊಳೆಯಲೂ ಬೆಳಕು ಕೇಳುವ ಬೀಜಗಳನ್ನು ರಾಶಿಯ ಹತ್ತಿರವೂ ತರಬಾರದು.

ಟ್ರೇಯ ವಿನ್ಯಾಸದಲ್ಲೂ ಜಾಣತನವಿದೆ. ತರಕಾರಿಗೆ ಹೆಚ್ಚಾಗಿ ಬಳಸುವುದು 98 ಗುಳಿಗಳದ್ದು. ತುಂಬುವುದು ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್. ಪ್ರತಿ ಗುಳಿಯ ತಳದಲ್ಲಿ ತೂತಿದೆ. ನೀರು ಬಸಿಯುವುದಕ್ಕಷ್ಟೇ ಅಲ್ಲ: ಅಲ್ಲಿಂದ ಹೊರಬಂದ ಬೇರಿನ ತುದಿ ಗಾಳಿಗೆ ಒಣಗಿ, ಹಿಂದೆ ಕವಲೊಡೆಯುತ್ತದೆ. ಟ್ರೇಯನ್ನು ನೆಲದಿಂದ ಎತ್ತಿಟ್ಟರೆ ಮಾತ್ರ ಈ ಲಾಭ. ನೆಲಕ್ಕೇ ಇಟ್ಟರೆ ಬೇರು ಮಣ್ಣಿಗಿಳಿಯುತ್ತದೆ, ಕೀಳುವಾಗ ಹರಿಯುತ್ತದೆ.

ಚಳಿ ದೇಶಗಳ ಮನೆಗಳಲ್ಲೂ ಇದೇ ಲೆಕ್ಕಾಚಾರ. ಜಪಾನ್, ಕೊರಿಯಾ, ಚೀನಾ ಮೂಲದ ಹೋಸ್ಟಾ ಎಂಬ ನೆರಳಿನ ಅಲಂಕಾರ ಸಸ್ಯದ ಕಪ್ಪು, ರೆಕ್ಕೆಯ ಬೀಜಗಳನ್ನು ಅಲ್ಲಿನವರು ಹೊರಗೆ ಹಿಮ ಬೀಳುತ್ತಿರುವಾಗ ಒಳಗೆ ಬಿತ್ತಿ, ಬಿಸಿ ಚಾಪೆಯ ಮೇಲಿಟ್ಟು, ಮೊಳೆತೊಡನೆ ದೀಪದ ಕೆಳಗೆ ಬೆಳೆಸುತ್ತಾರೆ. ತಮಾಷೆಯೆಂದರೆ, ಹೋಸ್ಟಾ ಬೀಜಕ್ಕೆ ಮೊಳೆಯಲು ಥಂಡಿ ಬೇಕಿಲ್ಲ, ಬೆಳೆದ ಗಿಡಕ್ಕೆ ಪ್ರತಿವರ್ಷ ಕೆಲವು ವಾರ ಕಡುಚಳಿಯ ನಿದ್ದೆ ಬೇಕೇಬೇಕು. ಬೆಳಗಾವಿಯ ಚಳಿ ಅದಕ್ಕೆ ಸಾಲದು. ಇಲ್ಲಿ ಬಿತ್ತಿದರೆ ಚೆನ್ನಾಗಿಯೇ ಮೊಳೆತೀತು, ವರ್ಷ ಕಳೆದಂತೆ ಸೊರಗೀತು.

ಮನೆಯಲ್ಲಿ ಮೆಣಸಿನ ಸಸಿ ಮಾಡುವವರಿಗೆ ಒಂದು ಟ್ರೇ, ಒಂದು ಪ್ಲಾಸ್ಟಿಕ್ ಹಾಳೆ, ಅಡುಗೆಮನೆಯ ಬೆಚ್ಚನೆ ಮೂಲೆ ಸಾಕು. ಮೊಳಕೆ ಕಂಡ ಮೇಲೂ ಹಾಳೆ ತೆಗೆಯದೆ, ದಿನಾ ನೀರು ಹಾಕುತ್ತ ಹೋದರೆ ಪಿಥಿಯಂ ಎಂಬ ಸೂಕ್ಷ್ಮಜೀವಿ ಹಬ್ಬ ಮಾಡುತ್ತದೆ. ಅದರ ಬೀಜಾಣುಗಳು ನೀರಿನ ಪದರದಲ್ಲಿ ಈಜಿ ಬಂದು ಕಾಂಡದ ಬುಡವನ್ನೇ ಕೊಳೆಸುತ್ತವೆ, ಸಂಜೆ ನೆಟ್ಟಗಿದ್ದ ಸಸಿಗಳು ಬೆಳಗಾಗುವುದರೊಳಗೆ ಸಾಲಾಗಿ ಮಲಗಿರುತ್ತವೆ. ಕೋಕೋಪೀಟ್‌ನ ಮೇಲ್ಪದರ ತುಸು ಒಣಗಿದ ಮೇಲೆ, ಬೆಳಿಗ್ಗೆಯೇ ನೀರು ಕೊಡುವುದು ಕ್ಷೇಮ. ಮೆಣಸಿನ ಸಸಿ ನಾಟಿಗೆ ಬರಲು ಐದಾರು ವಾರ ಬೇಕು, ಕೊನೆಯ ವಾರ ನೀರು ಕಡಿಮೆ ಮಾಡಿ ಬಿಸಿಲಿಗೆ ಒಗ್ಗಿಸಬೇಕು.