ಸ್ವರಮೇಳ ಮತ್ತು ಪ್ರಭುತ್ವ: 'ಕಾಮೆಡಿಯನ್ ಹಾರ್ಮನಿಸ್ಟ್ಸ್' ತಂಡದ ವಿಘಟನೆ

ಸಾಮೂಹಿಕ ಗಾಯನದ ಅಧ್ಯಯನದಲ್ಲಿ ಹಾಡಿನ ಪಠ್ಯ ಹಾಗೂ ಧಾಟಿಗಳಿಗೆ ದೊರೆತಷ್ಟು ಗಮನ ಮೇಳದ ರಚನೆಗೆ ದೊರೆತಿಲ್ಲ. ಪ್ರಭುತ್ವವು ಒಂದು ಮೇಳವನ್ನು ಹೇಗೆ ಒಡೆಯುತ್ತದೆ ಎಂಬುದನ್ನು ಅರಿಯಲು ಜರ್ಮನಿಯ 'ಕಾಮೆಡಿಯನ್ ಹಾರ್ಮನಿಸ್ಟ್ಸ್' ತಂಡದ ಇತಿಹಾಸವು ಮಹತ್ವದ ನಿದರ್ಶನವಾಗಿದೆ.

1927ರ ಡಿಸೆಂಬರಿನಲ್ಲಿ ಹ್ಯಾರಿ ಫ್ರೊಮ್ಮರ್‌ಮನ್ ಎಂಬ ತರುಣನು ಗಾಯಕರು ಬೇಕೆಂದು ಬರ್ಲಿನ್ನಿನ ಪತ್ರಿಕೆಯೊಂದರಲ್ಲಿ ಜಾಹೀರಾತು ನೀಡಿದನು. ಅಮೆರಿಕದ 'ರೆವೆಲರ್ಸ್' ತಂಡ ಅವನಿಗೆ ಮಾದರಿಯಾಗಿತ್ತು. ಮಂದ್ರ ಕಂಠದ ರಾಬರ್ಟ್ ಬೀಬರ್ಟಿ, ಬಲ್ಗೇರಿಯಾ ಮೂಲದ ತಾರ ಕಂಠದ ಆರಿ ಲೆಶ್ನಿಕಾಫ್, ಎರಿಕ್ ಕೊಲಿನ್, ಪೋಲೆಂಡ್ ಮೂಲದ ರೋಮನ್ ಸಿಕೋವ್‌ಸ್ಕಿ ಹಾಗೂ ಪಿಯಾನೋ ವಾದಕ ಎರ್ವಿನ್ ಬೂಟ್ಸ್ ಅವರೊಡನೆ ತಂಡವು ಸ್ಥಿರರೂಪ ಪಡೆಯಿತು. ಪಿಯಾನೋ ಒಂದನ್ನುಳಿದು ಬೇರೆ ವಾದ್ಯವಿರಲಿಲ್ಲ. ತುತ್ತೂರಿ ಮೊದಲಾದವುಗಳ ನಾದವನ್ನು ಕಂಠಗಳೇ ಹೊರಡಿಸುತ್ತಿದ್ದವು. ಜನಪ್ರಿಯ ಚಿತ್ರಗೀತೆ, ಹಾಸ್ಯಗೀತೆ, ಜರ್ಮನ್ ಜನಪದ ಗೀತೆ, ಅಮೆರಿಕದ ಜಾಝ್ ಇವೆಲ್ಲಕ್ಕೂ ಒಂದೇ ವೇದಿಕೆಯಲ್ಲಿ ಸ್ಥಾನವಿತ್ತು. 'ಮುಮ್ಮೇಳ', 'ಹಿಮ್ಮೇಳ'ಗಳೆಂಬ ನಮ್ಮ ವಿಭಜನೆಯನ್ನು ಇಲ್ಲಿಗೆ ಅನ್ವಯಿಸುವುದು ಕಷ್ಟ. ಒಂದು ಸಾಲನ್ನು ಮುನ್ನಡೆಸಿದ ಕಂಠವೇ ಮುಂದಿನ ಸಾಲಿಗೆ ಹಿನ್ನೆಲೆಯಾಗುತ್ತಿತ್ತು.

1933ರ ಜನವರಿಯಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ಆರು ಜನರ ಪೈಕಿ ಫ್ರೊಮ್ಮರ್‌ಮನ್ ಮತ್ತು ಸಿಕೋವ್‌ಸ್ಕಿ ಯೆಹೂದ್ಯರು. ಕ್ರೈಸ್ತ ದೀಕ್ಷೆ ಪಡೆದಿದ್ದರೂ ಯೆಹೂದಿ ಮೂಲದವನೆಂಬ ಕಾರಣಕ್ಕೆ ಕೊಲಿನ್ ಕೂಡ ಅದೇ ವರ್ಗಕ್ಕೆ ಸೇರಿಸಲ್ಪಟ್ಟನು. ಅದೇ ವರ್ಷದ ನವೆಂಬರಿನಲ್ಲಿ ರಾಷ್ಟ್ರೀಯ ಸಂಗೀತ ಮಂಡಲಿ ಸ್ಥಾಪನೆಯಾಯಿತು. ವೃತ್ತಿಪರ ಸಂಗೀತಗಾರರೆಲ್ಲರೂ ಅದರ ಸದಸ್ಯರಾಗಿರಬೇಕೆಂಬ ನಿಯಮವೇ ಬಹಿಷ್ಕಾರದ ಸಾಧನವಾಯಿತು. 1934ರ ಮಾರ್ಚ್ 25ರಂದು ಹ್ಯಾನೋವರ್‌ನಲ್ಲಿ ನಡೆದ ಕಛೇರಿಯೇ ಜರ್ಮನಿಯಲ್ಲಿ ಅವರ ಕಡೆಯ ಸಾರ್ವಜನಿಕ ಕಛೇರಿ. 1935ರ ಫೆಬ್ರವರಿಯಲ್ಲಿ ಮಂಡಲಿಯು ಮೂವರಿಗೆ ಸದಸ್ಯತ್ವ ನಿರಾಕರಿಸಿ, ಉಳಿದ ಮೂವರು ಅವರೊಡನೆ ಹಾಡಕೂಡದೆಂದು ತಿಳಿಸಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಹಾಡುಗಳನ್ನು ಮುಟ್ಟದೆಯೇ ಮೇಳವನ್ನು ಒಡೆಯಲಾಯಿತು. ಒಂದು ಅರ್ಧಕ್ಕೆ ನಿಷೇಧ, ಇನ್ನೊಂದು ಅರ್ಧಕ್ಕೆ ಅನುಮತಿ ನೀಡಿದ್ದರಿಂದ ಆಡಳಿತದ ಹಿಂಸೆಯು ಗೆಳೆಯರ ನಡುವಣ ಬಿರುಕಾಗಿ ಪರಿಣಮಿಸಿತು. ದೇಶ ಬಿಟ್ಟ ಮೂವರು ವಿಯೆನ್ನಾದಲ್ಲಿಯೂ ಉಳಿದ ಮೂವರು ಬರ್ಲಿನ್ನಿನಲ್ಲಿಯೂ ಹೊಸಬರನ್ನು ಕೂಡಿಕೊಂಡು ಹಾಡಿದರು. ಬರ್ಲಿನ್ನಿನ ತಂಡ 'ಮೈಸ್ಟರ್‌ಸೆಕ್ಸ್‌ಟೆಟ್' ಎಂಬ ಜರ್ಮನ್ ಹೆಸರು ತಳೆಯಿತು. 1938ರಲ್ಲಿ ಆಸ್ಟ್ರಿಯಾ ಜರ್ಮನಿಯ ವಶವಾದ ಮೇಲೆ ವಿಯೆನ್ನಾ ತಂಡವು ಆ ನೆಲೆಯನ್ನೂ ಕಳೆದುಕೊಂಡಿತು. 1941ರ ವೇಳೆಗೆ ಎರಡೂ ಮುಗಿದುಹೋದವು. ಮೂಲದ ಆರು ಜನ ಮತ್ತೆಂದೂ ಒಟ್ಟಿಗೆ ಹಾಡಲಿಲ್ಲ.

ಸಿಕೋವ್‌ಸ್ಕಿ ಅಮೆರಿಕದ ಯೆಹೂದಿ ಪ್ರಾರ್ಥನಾಮಂದಿರದ ಗಾಯಕನಾದನು. ಲೆಶ್ನಿಕಾಫ್ ಬಲ್ಗೇರಿಯಾಕ್ಕೆ ಮರಳಿದನು. ಎಬರ್‌ಹಾರ್ಡ್ ಫೆಕ್ನರ್ 1970ರ ದಶಕದಲ್ಲಿ ಬದುಕಿ ಉಳಿದ ಸದಸ್ಯರನ್ನೂ ಮೃತರ ಆಪ್ತರನ್ನೂ ಸಂದರ್ಶಿಸಿ ಸಾಕ್ಷ್ಯಚಿತ್ರ ನಿರ್ಮಿಸಿದರು. ಫ್ರೊಮ್ಮರ್‌ಮನ್ 1975ರಲ್ಲಿ ತೀರಿಕೊಂಡಿದ್ದನು. ವಕ್ತೃಗಳ ನೆನಪುಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಕಟ್ಟಿದ ಈ ಕೃತಿಯು ಕ್ಷೇತ್ರಕಾರ್ಯದ ದೃಷ್ಟಿಯಿಂದಲೂ ಅಭ್ಯಾಸಯೋಗ್ಯವಾಗಿದೆ.

ಜಾನಪದ ವಿದ್ವಾಂಸರಿಗೆ ಈ ಪ್ರಕರಣವು ಒಂದು ಎಚ್ಚರಿಕೆಯೂ ಹೌದು. 1778-79ರಲ್ಲಿ ಹೆರ್ಡರ್ ಪ್ರಕಟಿಸಿದ ಜನಪದ ಗೀತೆಗಳ ಸಂಕಲನದಲ್ಲಿ ಹಲವು ಜನಾಂಗಗಳ ಹಾಡುಗಳಿದ್ದವು. ಅದೇ ಜರ್ಮನ್ ಭಾಷೆಯಲ್ಲಿ ಮುಂದೆ 'ಜನ' ಎಂಬ ಪದವು ರಕ್ತಶುದ್ಧಿಯ ಅಳತೆಗೋಲಾಯಿತು. ಹಾಡನ್ನು 'ಅಪ್ಪಟ'ವೆಂದು ಗುರುತಿಸುವ ನಮ್ಮ ಪರಿಭಾಷೆಯು ಹಾಡುವವರನ್ನು ವಿಂಗಡಿಸುವ ಕೈಗಳಿಗೆ ಆಯುಧವಾಗದಂತೆ ನೋಡಿಕೊಳ್ಳುವುದು ಈ ಜ್ಞಾನಶಿಸ್ತಿನ ಹೊಣೆಯಾಗಿದೆ.